ನಿದ್ದೆಯ ಲೆಕ್ಕದ ಪುಸ್ತಕ: ಎರಡನೇ ಹಂತ

ನಿದ್ದೆ ಸರಿಯಾಗಿ ಬಾರದವರು ನಿದ್ದೆಯ ಹೊತ್ತನ್ನು ಬರೆದಿಟ್ಟು, ಹಾಸಿಗೆಯಲ್ಲಿರುವ ಅವಧಿಯನ್ನು ಮೊದಲು ಕತ್ತರಿಸಿ ಆಮೇಲೆ ಮೆಲ್ಲಗೆ ಹೆಚ್ಚಿಸುವ ಕ್ರಮ ಇದು. ಏನನ್ನೂ ಬದಲಿಸದೆ ಬರೀ ಬರೆದಿಡುವ ಎರಡು ವಾರದ ಮೊದಲ ಹಂತ ಮುಗಿದಿದೆ. ಹಾಳೆಯಲ್ಲಿರುವ ಕಲಂಗಳು: ಹಾಸಿಗೆಗೆ ಹೋದದ್ದು, ದೀಪ ಆರಿಸಿದ್ದು, ನಿದ್ದೆ ಹತ್ತಲು ಹಿಡಿದ ನಿಮಿಷ, ನಡುರಾತ್ರಿಯ ಎಚ್ಚರ, ಕೊನೆಯ ಎಚ್ಚರ, ಹಾಸಿಗೆ ಬಿಟ್ಟದ್ದು. ಎಲ್ಲವನ್ನೂ ಬೆಳಿಗ್ಗೆ ಎದ್ದ ಕೂಡಲೇ ಅಂದಾಜಿನಲ್ಲೇ ತುಂಬಬೇಕು. ನಿಖರವಾಗಿರಲಿ ಎಂದು ರಾತ್ರಿ ಗಡಿಯಾರ ನೋಡತೊಡಗಿದರೆ ಬರುವ ನಿದ್ದೆಯೂ ಹಾರಿಹೋಗುತ್ತದೆ.

ಸ್ಮಾರ್ಟ್ ವಾಚಿನ ಅಂಕಿ ಲೆಕ್ಕಕ್ಕಿಲ್ಲ. ಅಲುಗಾಡದೆ ಕಣ್ಣು ಬಿಟ್ಟು ಮಲಗಿದ್ದರೂ ಅದು ಎಷ್ಟೋ ಸಲ ನಿದ್ದೆ ಎಂದೇ ಬರೆದುಕೊಳ್ಳುತ್ತದೆ.

ನಿದ್ರಿಸಿದ ಹೊತ್ತನ್ನು ಹಾಸಿಗೆಯಲ್ಲಿದ್ದ ಹೊತ್ತಿನಿಂದ ಭಾಗಿಸಿ ನೂರರಿಂದ ಗುಣಿಸಿ. ಎಂಟೂವರೆ ಗಂಟೆ ಹಾಸಿಗೆಯಲ್ಲಿದ್ದು ಆರು ಗಂಟೆ ನಿದ್ದೆಯಾಗಿದ್ದರೆ ಸುಮಾರು ಶೇ. 71. ಶೇ. 85 ಮುಟ್ಟಬೇಕು.

ಈಗಿನ ಹಂತದಲ್ಲಿ ಏಳುವ ಹೊತ್ತು ಬೆಳಿಗ್ಗೆ 6, ಭಾನುವಾರವೂ. ಸರಾಸರಿ ನಿದ್ದೆ ಆರು ಗಂಟೆಯಾದ್ದರಿಂದ ಹಾಸಿಗೆಗೆ ಹೋಗುವುದು 12ಕ್ಕೆ. ಸರಾಸರಿ ಎಷ್ಟೇ ಕಡಿಮೆ ಬಂದರೂ ಹಾಸಿಗೆಯ ಅವಧಿಯನ್ನು ಐದು ಗಂಟೆಗಿಂತ ಇಳಿಸುವಂತಿಲ್ಲ. ವಾರದ ಸರಾಸರಿ ಶೇ. 85 ದಾಟಿದಾಗ 15 ನಿಮಿಷ ಮುಂಚೆ ಮಲಗಬಹುದು.

ಇದು ಕೆಲಸ ಮಾಡುವುದು ಹೀಗೆ: ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸೇರುತ್ತಾ ನಿದ್ದೆಯ ಒತ್ತಡ ಏರುತ್ತದೆ, ನಿದ್ರಿಸಿದಾಗ ಇಳಿಯುತ್ತದೆ. ಮಧ್ಯಾಹ್ನದ ನಿದ್ದೆ ಆ ಒತ್ತಡವನ್ನು ಹಗಲಲ್ಲೇ ಖರ್ಚು ಮಾಡಿಬಿಡುತ್ತದೆ. ಕಾಫಿಯ ಕೆಫೀನ್ ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ಅದರ ಅರ್ಧಾಯು ಸುಮಾರು 5 ಗಂಟೆ, ಹಾಗಾಗಿ ಸಂಜೆ 5ರ ಲೋಟದ ಅರ್ಧ ರಾತ್ರಿ 10ಕ್ಕೂ ಮೈಯಲ್ಲಿರುತ್ತದೆ. ಕಾಫಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ; ಕೊನೆಯ ಲೋಟ ಮಧ್ಯಾಹ್ನ 1ರೊಳಗೆ ಎಂದು ಬರೆದುಕೊಂಡರೆ ನಡೆಯುತ್ತದೆ.

ಹೆಚ್ಚಾಗಿ ಕೆಡುವುದು ರಾತ್ರಿ 9ರಿಂದ 11ರ ನಡುವೆ, ಟಿವಿ ಮುಂದಿನ ತೂಕಡಿಕೆಯಲ್ಲಿ. ಅದನ್ನು ಯಾರೂ ನಿದ್ದೆ ಎಂದು ಬರೆಯುವುದಿಲ್ಲ, ಆದರೆ ಒತ್ತಡವಂತೂ ಇಳಿದಿರುತ್ತದೆ. ಆ ಹೊತ್ತಿಗೆ ಇಸ್ತ್ರಿಯಂಥ ನಿಂತು ಮಾಡುವ ಕೆಲಸ ಇಟ್ಟುಕೊಳ್ಳಿ.

ಆರು ಗಂಟೆಯ ನಿದ್ದೆಯಲ್ಲೇ ನಿಲ್ಲುವಂತಿಲ್ಲ. ಗಾಢ ನಿದ್ದೆ ಮತ್ತು ಅದರ ಜೊತೆಗೆ ಸ್ರವಿಸುವ ಬೆಳವಣಿಗೆಯ ಹಾರ್ಮೋನಿನ ದೊಡ್ಡ ಪಾಲು ರಾತ್ರಿಯ ಮೊದಲ ಭಾಗದಲ್ಲೇ ಸಿಗುತ್ತದೆ, ಸರಿ. ಆದರೆ ಕನಸಿನ ನಿದ್ದೆ ಹೆಚ್ಚು ಬರುವುದು ಬೆಳಗಿನ ಜಾವಕ್ಕೆ. ಅವಧಿ ಕತ್ತರಿಸಿದಾಗ ಪೆಟ್ಟು ಅದಕ್ಕೇ. ವಯಸ್ಕರಿಗೆ ಏಳು ಗಂಟೆಯಾದರೂ ಬೇಕು. ಹದಿನೈದು ಹದಿನೈದು ನಿಮಿಷ ಸೇರಿಸುತ್ತಾ ಹೋಗುವುದು ಅಲ್ಲಿಗೇ.

ಶುರುವಿನ ವಾರಗಳಲ್ಲಿ ಹಗಲು ಮಂಪರು ಇದ್ದೇ ಇರುತ್ತದೆ, ದೂರದ ಡ್ರೈವಿಂಗ್ ಬೇಡ. ಮೂರ್ಛೆರೋಗ ಅಥವಾ ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಇರುವವರು ಈ ಹಂತಕ್ಕೆ ಕೈಹಾಕಬಾರದು. ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ ಮೊದಲು ಆಸ್ಪತ್ರೆಯಲ್ಲಿ ನಿದ್ರಾ ಪರೀಕ್ಷೆ, ಪುಸ್ತಕ ಆಮೇಲೆ.