ಕ್ಯೂನಲ್ಲಿ ಹತ್ತೇ ಜನ

ನಮ್ದು ಆರು ಜನರ ಸ್ಟುಡಿಯೋ, ನಾಲ್ಕು ನಾಲ್ಕು ಜನ ಟೀಮ್ ಕಟ್ಕೊಂಡು ಆಡೋ ಒಂದು ಮೊಬೈಲ್ ಗೇಮ್ ನಡೆಸ್ತಿದೀವಿ. ಹೋದ ತಿಂಗಳು ಒಂದು ಶುಕ್ರವಾರ ಮುಂದಿನ ಅಪ್‌ಡೇಟಿಗೆ ಯಾವ್ಯಾವ ಮೋಡ್ (ಆಡೋ ಬಗೆ) ಹಾಕೋದು ಅಂತ ಕೂತ್ವಿ. ಕಾಫಿ ಬರೋಷ್ಟ್ರಲ್ಲಿ ಬೋರ್ಡ್ ಮೇಲೆ ಐದು ಚೀಟಿ: ರ‍್ಯಾಂಕ್ಡ್, ಇಬ್ಬರಿಗಿಬ್ರು, ಝೋಂಬಿ, ಬಾವುಟ ಕದಿಯೋದು, ಲಗೋರಿ. ಐದೂ ಮಾಡ್ಬಿಡಣ ಅನ್ನೋ ಹುಮ್ಮಸ್ಸು ಎಲ್ರಿಗೂ. ನಂಗೇ ಜಾಸ್ತಿ.

ಆಗ ಸರ್ವರ್ ನೋಡ್ಕೊಳ್ಳೋ ಹುಡುಗಿ ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿದ್ಲು. ರಾತ್ರಿ 10ಕ್ಕೆ 180 ಜನ ಇರ್ತಾರೆ, ಸರಿ, ಆದ್ರೆ ಬೆಳಿಗ್ಗೆ 11ಕ್ಕೆ 40, ಅದ್ರಲ್ಲಿ ಮುಕ್ಕಾಲು ಪಾಲು ಆಗ್ಲೇ ಮ್ಯಾಚಲ್ಲಿರ್ತಾರೆ, ಮುಂದಿನ ಮ್ಯಾಚಿಗೆ ಕಾಯ್ತಾ ಕ್ಯೂನಲ್ಲಿ ಉಳಿಯೋದು ಹತ್ತು. ಈಗಿರೋದಕ್ಕೆ ಐದು ಸೇರಿದ್ರೆ ಆರು ಕ್ಯೂ, ಒಂದೊಂದಕ್ಕೆ ಇಬ್ರೂ ಬರಲ್ಲ, ಎಂಟು ಜನ ಸೇರೋವರೆಗೆ ಯಾರು ಕಾಯ್ತಾರೆ? "ಬಾಟ್ ಹಾಕಣ, ಜನ ಕಮ್ಮಿ ಬಿದ್ರೆ ಕಂಪ್ಯೂಟರೇ ಆಡ್ಲಿ" ಅಂದೆ. "ಮೊದ್ಲು ಬಾಟಿಗೆ ಲಗೋರಿ ಕಲ್ಸಿ ಸಾರ್" ಅಂದ್ಲು.

ಇಂಥ ಮೀಟಿಂಗಲ್ಲಿ ಯಾರಾದ್ರೂ ಒಬ್ರು ಫೋರ್ಟ್‌ನೈಟ್ ಹೆಸ್ರು ಎತ್ತೇ ಎತ್ತುತ್ತಾರೆ, 2017ರಲ್ಲಿ ಬ್ಯಾಟಲ್ ರಾಯಲ್ ಮೋಡ್ (ಕೊನೆಗೆ ಉಳಿದೋರೇ ಗೆಲ್ಲೋದು) ಎರಡೇ ತಿಂಗಳಲ್ಲಿ ಮುಗಿಸಿದ್ರು ಅಂತ. ಹೌದಪ್ಪ, ಆದ್ರೆ ಗನ್ನು, ಗೋಡೆ ಕಟ್ಟೋದು ಎಲ್ಲಾ ಅವ್ರ ಹತ್ರ ಮೊದ್ಲೇ ರೆಡಿ ಇತ್ತು. ಅಮಾಂಗ್ ಅಸ್ ನೋಡಿ, ಅದೂ ಸಣ್ಣ ಟೀಮೇ, ಗೇಮ್ ಬಂದಿದ್ದು 2018, ಜನ ಮುಗಿಬಿದ್ದಿದ್ದು 2020, ಕಣ್ಣಾಮುಚ್ಚಾಲೆ ಮೋಡ್ ಬಂದಿದ್ದು 2022ರ ಡಿಸೆಂಬರಲ್ಲಿ.

ಕೊನೆಗೆ ಲಗೋರಿ ಒಂದೇ ಉಳೀತು, ಅದೂ ಶನಿವಾರ ಭಾನುವಾರ ರಾತ್ರಿ 8ರಿಂದ 11, ಆ ಹೊತ್ತಲ್ಲಿ ಮಾಮೂಲಿ ಮೋಡ್ ಬಂದ್, ಕ್ಯೂ ಒಂದೇ. ಸುಲಭ ಅಂದ್ಕೊಂಡ್ವಿ. ಏಳು ಕಲ್ಲು ತಾನೆ! ಮೊದಲ ಟೆಸ್ಟಲ್ಲಿ ಚೆಂಡು ಬಿದ್ದ ಕೂಡ್ಲೇ ನನ್ ಫೋನಲ್ಲಿ ಕಲ್ಲೆಲ್ಲಾ ಚೆಲ್ಲಾಪಿಲ್ಲಿ, ಪಕ್ಕದೋನ ಫೋನಲ್ಲಿ ಮೂರು ಇನ್ನೂ ಹಾಗೇ ನಿಂತಿವೆ, ಇಬ್ರೂ ನಾವೇ ಗೆದ್ವಿ ಅಂತ ಕೂಗಾಡ್ತಿದೀವಿ. ಒಂದೊಂದು ಫೋನೂ ತನ್ನದೇ ಲೆಕ್ಕ ಹಾಕ್ತಿತ್ತು. ಈಗ ಕಲ್ಲು ಎಲ್ಲಿ ಬೀಳ್ಬೇಕು ಅಂತ ಸರ್ವರೇ ಹೇಳತ್ತೆ. ಜೋಡಿಸೋಕೆ ಬೆರಳಲ್ಲಿ ಎಳ್ಯೋದು ತೆಗೆದು ಬಟನ್ ಒತ್ತಿ ಹಿಡಿಯೋದು ಮಾಡಿದೀವಿ, ಕಲ್ಲಿಗೆ ಒಂದು ಸೆಕೆಂಡು, ಬೆನ್ನಿಗೆ ಚೆಂಡು ಬಿದ್ರೆ ಔಟ್. ಎಳ್ಯೋ ಮಜಾನೇ ಬೇರೆ ಇತ್ತು ಅಂತ ಡಿಸೈನರ್ ಇನ್ನೂ ಮುನಿಸ್ಕೊಂಡಿದಾನೆ, ಅವ್ನು ಹೇಳೋದ್ರಲ್ಲಿ ತಪ್ಪೇನಿಲ್ಲ.

ಉಳಿದ ನಾಲ್ಕು ಚೀಟೀನ ಕಸಕ್ಕೆ ಹಾಕು ಅಂದಿದ್ರು. ಮೂರು ಹಾಕ್ದೆ. ಝೋಂಬಿ ನನ್ ಮಾನಿಟರ್ ಹಿಂದೆ ಅಂಟ್ಕೊಂಡಿದೆ.