ನೋಟು ಮುರಿಸಿದ ಕಥೆ

ಬೆಳಿಗ್ಗೆ ದಕ್ಷಿಣ ಫ್ರಾನ್ಸಿನ ನೀಮ್ ಊರಿನ ಬ್ರೆಡ್ ಅಂಗಡಿಯೊಂದರಲ್ಲಿ ಐವತ್ತು ಯೂರೋ ನೋಟು ಚಾಚಿದೆ. ಆಯಮ್ಮ ಏನೋ ಹೇಳಿದರು. ನನ್ನ ಫ್ರೆಂಚ್ ಅಷ್ಟಕ್ಕಷ್ಟೇ, ಆದರೆ ‘ಚಿಲ್ಲರೆ ಇಲ್ಲ’ ಎನ್ನುವ ಮುಖ ಯಾವ ಊರಿನಲ್ಲಾದರೂ ಒಂದೇ.

ಬರಿಗೈಯಲ್ಲಿ ತಲೆ ತಗ್ಗಿಸಿ ಬರುವಾಗ ಕಾಲಡಿಯಲ್ಲಿ ಮೊಸಳೆ! ರಸ್ತೆಯ ಕಲ್ಲುಗಳ ನಡುವೆ ಕೂರಿಸಿದ ಪುಟ್ಟ ಲೋಹದ ಬಿಲ್ಲೆ. ಅದರಲ್ಲಿ ತಾಳೆಮರಕ್ಕೆ ಸರಪಳಿ ಬಿಗಿಸಿಕೊಂಡ ಮೊಸಳೆ. ಪಾಪ, ಅದು ಈ ಊರಿನದಲ್ಲ, ಈಜಿಪ್ಟಿನದು. ರೋಮನ್ನರು ಈಜಿಪ್ಟನ್ನು ಗೆದ್ದ ನೆನಪಿಗೆ ಇಲ್ಲಿ ಟಂಕಿಸಿದ ನಾಣ್ಯದಿಂದ ಇಳಿದು ಬಂದು ಊರಿನ ಲಾಂಛನವಾಗಿದೆ.

ಆ ನಾಣ್ಯದ ಇನ್ನೊಂದು ಮುಖದಲ್ಲಿ ರೋಮನ್ ಸೇನಾಪತಿ ಅಗ್ರಿಪ್ಪ ಮತ್ತು ಚಕ್ರವರ್ತಿ ಆಗಸ್ಟಸ್, ಬೆನ್ನಿಗೆ ಬೆನ್ನು ಕೊಟ್ಟ ಎರಡು ತಲೆಗಳು. ಚಿಲ್ಲರೆ ಸಾಲದಾದಾಗ ಜನ ನಾಣ್ಯವನ್ನೇ ಎರಡು ಹೋಳು ಮಾಡುತ್ತಿದ್ದರಂತೆ. ಹಾಗೆ ಕತ್ತರಿಸಿದವು ಎಷ್ಟೋ ಸಿಕ್ಕಿವೆ. ಮೊಬೈಲಿನಲ್ಲಿ ಒಂದರ ಚಿತ್ರ ನೋಡಿದೆ: ಒಂದು ಕಡೆ ಚಕ್ರವರ್ತಿಯ ತಲೆ ಒಂದೇ, ತಿರುಗಿಸಿದರೆ ಅರ್ಧ ಮೊಸಳೆ.

ನಾವು ನೋಟು ‘ಮುರಿಸುತ್ತೇವೆ’ ಎಂದು ಬಾಯಿಮಾತಿಗೆ ಹೇಳುತ್ತೇವೆ. ಇವರು ನಿಜವಾಗಿಯೂ ಮುರಿದಿದ್ದಾರೆ. ಅದೂ ಚಕ್ರವರ್ತಿಯನ್ನು!

ಎರಡು ಸಾವಿರ ವರ್ಷ ಹಳೆಯ ಮೇಜೊಂ ಕಾರೆ ದೇವಾಲಯ, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು, ಎದುರಿಗೇ ನಿಂತಿತ್ತು. ಕಂಬಗಳನ್ನು ನೋಡಬೇಕಾದವನು ನೆಲ ನೋಡುತ್ತಾ ಮೊಸಳೆ ಎಣಿಸಿದೆ.

ಕೊನೆಗೆ ಬೇಡದ ಕಾಫಿ ಕುಡಿದು ನೋಟು ಮುರಿಸಿದೆ. ಚಿಲ್ಲರೆ ಝಣಝಣಿಸುತ್ತಾ ವಾಪಸು ಹೋದರೆ ಬ್ರೆಡ್ ಅಂಗಡಿ ಮಧ್ಯಾಹ್ನದ ಊಟಕ್ಕೆ ಬಾಗಿಲು ಹಾಕಿತ್ತು.