ಅಜ್ಜಿಯ ಸೀರೆಗೆ ಕತ್ತರಿ ಹಾಕಬಹುದಾ?

ದಸರಾ ಹತ್ತಿರ ಬಂತೆಂದರೆ ಈ ಪ್ರಶ್ನೆ ಶುರು: “ಅಜ್ಜೀದು ಹಳೇ ಮೈಸೂರ್ ಸಿಲ್ಕ್ ಸೀರೆ ಸುಮ್ನೆ ಬಿದ್ದಿದೆ. ಕಟ್ ಮಾಡಿ, ಹಳೇ ಕಾಲದ ಲುಕ್ ಬರೋ ಥರ ಗೌನ್ ಹೊಲ್ಕೊಡ್ತೀರಾ?” ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ. ಸೀರೆ ಚೆನ್ನಾಗಿದ್ದರೆ ಬೇಡ. ಒಂದು ಕಡೆ ಹರಿದು ಮಿಕ್ಕಿದ್ದು ಗಟ್ಟಿಯಿದ್ದರೆ ಧಾರಾಳವಾಗಿ ಮಾಡಿಸಿ.

“ಸುಮ್ನೆ ಬಿದ್ದಿದೆ” ಅನ್ನೋ ಮಾತು ಕೇಳಿದರೆ ಸಿಟ್ಟು ಬರುತ್ತೆ. ಮನೆಯಲ್ಲಿ ಯಾರೋ ಒಬ್ಬರು ಅದನ್ನ ಆಗಾಗ ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಾಯಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಕ್ಕೇ ಉಳಿದಿದೆ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಇವತ್ತಿಗೂ ಮೈಸೂರಲ್ಲಿ ನೇಯುತ್ತಿದೆ, ಹೊಸ ಸೀರೆ ಬೇಕಾದಾಗ ತರಬಹುದು. ಅಜ್ಜಿ ಉಟ್ಟ ಸೀರೆ ಇನ್ನೊಂದು ಸಿಗಲ್ಲ.

ಮೊದಲು ಸೀರೆ ಕತ್ತರಿ ತಡೆಯುತ್ತಾ ನೋಡಿ. ಮಡಿಕೆ ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿಯಿರಿ. ಮಡಿಕೆಯ ಗೆರೆಯುದ್ದಕ್ಕೂ ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿ ಸಾಲಾಗಿ ಕಂಡರೆ ಅಲ್ಲಿ ರೇಷ್ಮೆ ಮುರಿದಿದೆ ಅಂತ ಅರ್ಥ. ಆಮೇಲೆ ಸೊಂಟಕ್ಕೆ ಸಿಕ್ಕಿಸೋ ಒಳತುದಿಯಲ್ಲಿ ಎರಡು ಹೆಬ್ಬೆರಳು ಒಂದಿಂಚು ದೂರ ಇಟ್ಟು ಹೊಕ್ಕಿನ, ಅಂದರೆ ಅಡ್ಡ ನೂಲಿನ, ಕಡೆಗೆ ಮೆಲ್ಲಗೆ ಎಳೆಯಿರಿ. ನೂಲು ಜಾಳಾಗಿ ಸರಿದರೆ, ಇಲ್ಲವೇ ಚರ್ ಅಂದರೆ, ಆ ಸೀರೆ ಹೊಲಿಗೆ ತಡೆಯಲ್ಲ. ಸೀರೆ ಉಟ್ಟಾಗ ಭಾರವೆಲ್ಲ ಮೈಮೇಲೆ ಹರಡಿಕೊಂಡಿರುತ್ತೆ. ಗೌನ್ ಮಾಡಿದ ತಕ್ಷಣ ಅಷ್ಟೂ ಭಾರ ಭುಜಕ್ಕೆ, ಕಂಕುಳ ಹೊಲಿಗೆಗೆ ಬಂದು ಬೀಳುತ್ತೆ. ಹಳೇ ರೇಷ್ಮೆ ಬಿಡೋದು ಅಲ್ಲೇ.

ಇನ್ನು ಲೆಕ್ಕ. ಸೀರೆ ಐದೂವರೆ ಮೀಟರ್ ಉದ್ದ, ಅಗಲ ಸುಮಾರು 45 ಇಂಚು. ಅಂಚು ಕೆಳಗೆ ಬರಬೇಕಾದರೆ ಸೀರೆಯ ಅಗಲವೇ ಲಂಗದ ಉದ್ದ ಆಗುತ್ತೆ. ಭುಜದಿಂದ ಪಾದದವರೆಗೆ 54 ಇಂಚು ಬೇಕಾದವರಿಗೆ ಒಂದೇ ತುಂಡಲ್ಲಿ ಬರಲ್ಲ, ಸೊಂಟದಲ್ಲಿ ಜೋಡಿಸಲೇಬೇಕು. ಮೂರೂವರೆ ಮೀಟರ್ ಲಂಗಕ್ಕೆ ಹೋದರೆ ಮಿಕ್ಕಿದ್ದರಲ್ಲಿ ಮೈಭಾಗ, ತೋಳು. ಮೇಲಿನ ಅಂಚನ್ನ ಬಿಡಿಸಿ ತೋಳಿನ ತುದಿಗೆ ಕೊಡಬಹುದು.

ಅಂಬ್ರೆಲಾ ಕಟ್ ಮಾತ್ರ ಕೇಳಬೇಡಿ. ಅದರ ಕೆಳಗಿನ ಸುತ್ತು ಕಮಾನಿನ ಹಾಗೆ ಬಾಗಿರುತ್ತೆ, ಜರಿ ಅಂಚು ನೆಟ್ಟಗಿರುತ್ತೆ. ಬಿಚ್ಚಿ ಬಗ್ಗಿಸಿ ಹೊಲಿದರೆ ಎರಡಿಂಚಿಗೊಂದು ಸುಕ್ಕು. ನೆರಿಗೆ ಹಿಡಿದ ಲಂಗವೇ ಸರಿ.

ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆ, ನೂಲು ಬಿಗಿಯಾಗಿ ಹುರಿ ಮಾಡಿದ್ದು. ನೀರು ಬಿದ್ದರೆ ಕುಗ್ಗುತ್ತೆ. ಲೈನಿಂಗ್‌ಗೆ ಹಾಕೋ ಮಲ್, ಅಂದರೆ ತೆಳು ಹತ್ತಿ ಬಟ್ಟೆಯೂ ಕುಗ್ಗುತ್ತೆ, ಅದನ್ನ ರಾತ್ರಿ ನೆನೆಸಿ ಒಣಗಿಸಿಯೇ ಕತ್ತರಿಸಬೇಕು. ಮಿಷನ್ ಸೂಜಿ 9 ಇಲ್ಲವೇ 11ನೇ ನಂಬರ್. ಹೊಲಿಗೆ ಬಿಚ್ಚಿದರೆ ತೂತು ಉಳಿಯುತ್ತೆ, ಅದಕ್ಕೇ ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ಮೈಗೆ ಹಾಕಿ ನೋಡಬೇಕು. “ಟ್ರಯಲ್‌ಗೆ ಯಾಕೆ ಬೇರೆ ದುಡ್ಡು” ಅನ್ನೋರಿಗೆ ಇದೇ ಕಾರಣ.

ನಿಜವಾಗಿ ನನ್ನನ್ನ ಕೇಳಬೇಕಾದ್ದು ಬೇರೆ: “ಸೀರೆ ಮುಟ್ಟದೆ ಆ ಕಾಲದ ಕಳೆ ತರೋದು ಹೇಗೆ?” ಅದಿರೋದು ರವಿಕೆಯಲ್ಲಿ. ಮನೆಯ ಹಳೇ ಫೋಟೋ ತೆಗೆದು ನೋಡಿ, ಕಣ್ಣು ಮೊದಲು ಹೋಗೋದು ತೋಳಿಗೆ, ಕತ್ತಿಗೆ. ಒಂದು ಮೀಟರ್ ಬಟ್ಟೆಯಲ್ಲಿ ಆಗೋ ಕೆಲಸಕ್ಕೆ ಐದೂವರೆ ಮೀಟರ್ ಯಾಕೆ ಕತ್ತರಿಸಬೇಕು?

ಪಫ್ ತೋಳನ್ನೇ ತಗೊಳ್ಳಿ. ಎಷ್ಟೋ ಕಡೆ ಮಾಮೂಲಿ ತೋಳಿಗೆ ನಾಲ್ಕು ನೆರಿಗೆ ಹಾಕಿ ಪಫ್ ಅಂತ ಕೊಡುತ್ತಾರೆ, ಒಂದೇ ಗಂಟೆಯಲ್ಲಿ ಜೋತುಬೀಳುತ್ತೆ. ಸರಿಯಾದ ಕ್ರಮ ಹೀಗೆ. ತೋಳಿನ ಕಾಗದದ ಅಚ್ಚನ್ನ ನಡುವೆ ಉದ್ದಕ್ಕೆ ಸೀಳಿ ಎರಡೂವರೆಯಿಂದ ಮೂರು ಇಂಚು ಅಗಲಿಸಬೇಕು. ತೋಳಿನ ನೆತ್ತಿಯನ್ನ, ಅಂದರೆ ಭುಜಕ್ಕೆ ಸೇರೋ ಮೇಲ್ತುದಿಯನ್ನ, ಒಂದಿಂಚು ಎತ್ತರಿಸಬೇಕು, ಬರೀ ಅಗಲಿಸಿದರೆ ಉಬ್ಬು ಪಕ್ಕಕ್ಕೆ ಹೋಗುತ್ತೆ, ಮೇಲೇಳಲ್ಲ. ಉದ್ದ ಹೊಲಿಗೆಯ ಎರಡು ಸಾಲು ಹಾಕಿ, ಎರಡರ ಬಾಬಿನ್ ದಾರವನ್ನೂ ಒಟ್ಟಿಗೆ ಎಳೆದರೆ ನೆರಿಗೆ ಸಮವಾಗಿ ಕೂರುತ್ತೆ. ನೆರಿಗೆ ಭುಜದ ತುದಿಯಿಂದ ಆಚೀಚೆ ಎರಡೂವರೆ ಇಂಚಿನೊಳಗೆ ಮುಗಿಯಬೇಕು. ಕಂಕುಳವರೆಗೆ ಎಳೆದರೆ ತೋಳು ದಪ್ಪ ಕಾಣುತ್ತೆ.

ಕ್ರೇಪ್ ತಾನಾಗಿ ನಿಲ್ಲೋ ಬಟ್ಟೆಯಲ್ಲ, ಇಳಿಬೀಳೋದೇ ಅದರ ಅಂದ. ಅದಕ್ಕೇ ನೆತ್ತಿಯ ಒಳಗೆ ಎರಡಿಂಚು ಅಗಲದ ಆರ್ಗಾಂಜಾ (ತೆಳ್ಳಗಿದ್ದೂ ಗಡುಸಾದ ಬಟ್ಟೆ) ಪಟ್ಟಿಯನ್ನ ನೆರಿಗೆ ಹಿಡಿದು ಕೊಡಬೇಕು. ಚುಚ್ಚದ ಹಾಗೆ ಅದರ ತುದಿಗೆ ಮಲ್ ಬಟ್ಟೆ ಸುತ್ತಬೇಕು.

ಯಾವ ಕಾಲದ ಪಫ್ ಅನ್ನೋದನ್ನೂ ಹೇಳಿ. 1950ರ ಆಸುಪಾಸಿನದು ಚಿಕ್ಕದು, ಗುಂಡಗಿರುತ್ತೆ. 80ರ ದಶಕದ್ದು ಭುಜಕ್ಕಿಂತ ಎತ್ತರ. ಸಣ್ಣ ಅಂಚಿನ, ಒಂದೇ ಬಣ್ಣದ ಮೈಸೂರು ಸಿಲ್ಕ್‌ಗೆ ಮೊದಲನೆಯದೇ ಒಪ್ಪೋದು ಅಂತ ನನ್ನ ಅಭಿಪ್ರಾಯ. ದೊಡ್ಡ ಪಫ್ ಸೀರೆಯನ್ನೇ ನುಂಗಿಬಿಡುತ್ತೆ.

ಅಳತೆ ಕೊಡುವಾಗ ಪಫ್ ಅಂತ ಮೊದಲೇ ಹೇಳಿ. ಭುಜದ ಹೊಲಿಗೆಯನ್ನ ಮಾಮೂಲಿಗಿಂತ ಅರ್ಧ ಇಂಚು ಒಳಗೆ ತರಬೇಕು, ಇಲ್ಲದಿದ್ದರೆ ಉಬ್ಬು ಭುಜದ ಮೇಲೆ ಕೂರದೆ ತೋಳಿಗೆ ಜಾರುತ್ತೆ. ಟ್ರಯಲ್‌ನಲ್ಲಿ ಕನ್ನಡಿ ಮುಂದೆ ಸುಮ್ಮನೆ ನಿಲ್ಲಬೇಡಿ. ಜಡೆ ಹಾಕಿಕೊಳ್ಳೋ ಹಾಗೆ ಎರಡೂ ಕೈ ಹಿಂದಕ್ಕೆ ಎತ್ತಿ. ಕಂಕುಳಲ್ಲಿ ಹಿಡಿದರೆ ಅಲ್ಲೇ ಹೇಳಿ, ಇನ್ನೂ ಕಚ್ಚಾ ಹೊಲಿಗೆಯಲ್ಲೇ ಇರುತ್ತೆ.